ಪಟ್ಟಿ ಹಾಕಿದ ಎರಡು ಗಂಟೆ ಮಗುವಿಗೆ ಯಾವ ಆಟ ಕೊಡಬೇಕು?

ಪ್ರಶ್ನೆ: ನಮ್ಮದು ಉಡುಪಿ ಕಡೆ, ಈಗ ಇರುವುದು ಡೊಂಬಿವ್ಲಿಯಲ್ಲಿ. ಮಗನಿಗೆ ಐದೂವರೆ ವರ್ಷ. ಶಾಲೆಯಲ್ಲಿ ಕಣ್ಣು ತಪಾಸಣೆ ಮಾಡಿದಾಗ ಬಲಗಣ್ಣು ಸರಿಯಾಗಿ ಕಾಣುತ್ತಿಲ್ಲ ಅಂತ ಗೊತ್ತಾಯಿತು. ಡಾಕ್ಟರ್ ಸೋಮಾರಿ ಕಣ್ಣು ಅಂದರು. ಬಲಗಣ್ಣಿಗೆ ಪ್ಲಸ್ 5, ಎಡಗಣ್ಣಿಗೆ ಪ್ಲಸ್ ಒಂದೂವರೆ ನಂಬರ್. ಕನ್ನಡಕ ಹಾಕಿ ನಾಲ್ಕು ತಿಂಗಳಾದರೂ ಬಲಗಣ್ಣು 6/18ರಲ್ಲೇ ನಿಂತಿದೆ. ಈಗ ದಿನಾ ಎರಡು ಗಂಟೆ ಎಡಗಣ್ಣಿಗೆ ಪಟ್ಟಿ ಹಾಕಿ ಅಂದಿದ್ದಾರೆ. ಹತ್ತು ನಿಮಿಷಕ್ಕೇ ಕಿತ್ತು ಬಿಸಾಡುತ್ತಾನೆ, ಅಳುತ್ತಾನೆ. ಬಿಲ್ಡಿಂಗಿನ ಮಕ್ಕಳು ನಗುತ್ತಾರೆ. ಮೊಬೈಲ್ ಕೊಟ್ಟರೆ ಮಾತ್ರ ಕೂರುತ್ತಾನೆ. ನಮ್ಮ ಅತ್ತೆ, ಮೊಬೈಲ್‌ನಿಂದಲೇ ಕಣ್ಣು ಹಾಳಾಯಿತು ಅನ್ನುತ್ತಾರೆ. ಪಟ್ಟಿಯೇ ಬೇಡ, ವಿಶೇಷ ಕನ್ನಡಕ ಹಾಕಿ ಗೇಮ್ ಆಡಿದರೆ ಸಾಕು ಅನ್ನುವ ಜಾಹೀರಾತು ನೋಡಿದೆ. ಅದನ್ನು ತೆಗೆದುಕೊಳ್ಳಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪಟ್ಟಿ ಬಿಟ್ಟು ಗೇಮ್ ಹಿಡಿಯಬೇಡಿ. ಪಟ್ಟಿ ಹಾಕಿಯೇ ಆಟ ಆಡಿಸಿ. ನಿಮ್ಮ ಮಗನ ಕಣ್ಣನ್ನು ಸುಧಾರಿಸುವುದು ಕನ್ನಡಕ ಮತ್ತು ಪಟ್ಟಿ ಹಾಕಿಕೊಂಡು ಕಳೆದ ಗಂಟೆಗಳು. ಆ ಗಂಟೆಗಳನ್ನು ಮುಗಿಸಿಕೊಡುವುದು ಆಟದ ಕೆಲಸ. ಆಟವಿಲ್ಲದೆ ಐದು ವರ್ಷದ ಮಗುವಿನ ಕೈಯಲ್ಲಿ ದಿನಾ ಎರಡು ಗಂಟೆ ಪಟ್ಟಿ ಹಾಕಿಸುವುದು ಎಷ್ಟು ಕಷ್ಟ ಅಂತ ಮುಂಬೈಯಲ್ಲಿ ಮಕ್ಕಳ ಕಣ್ಣು ಪರೀಕ್ಷೆ ಮಾಡುವ ನನಗೆ ಚೆನ್ನಾಗಿ ಗೊತ್ತು. ಅಳುವ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬರುವ ಎಷ್ಟೋ ತಾಯಂದಿರು ನೀವು ಕೇಳಿದ್ದನ್ನೇ ಕೇಳುತ್ತಾರೆ.

ಮೊದಲು ಅತ್ತೆಯವರ ಮಾತು. ಅವರಿಗೆ ಸಮಾಧಾನ ಹೇಳಿ, ಇದು ಮೊಬೈಲ್‌ನಿಂದ ಬಂದದ್ದಲ್ಲ. ನಿಮ್ಮ ತಪ್ಪೂ ಇಲ್ಲ. ಮಗನ ಎರಡು ಕಣ್ಣುಗಳ ನಂಬರ್ ನಡುವೆ ಮೂರೂವರೆ ವ್ಯತ್ಯಾಸ ಇದೆ, ಕಾರಣ ಅದೇ. ಪ್ಲಸ್ ನಂಬರ್ ಇರುವ ಮಗು ಸ್ಪಷ್ಟವಾಗಿ ನೋಡಬೇಕಾದರೆ ಕಣ್ಣೊಳಗಿನ ಲೆನ್ಸಿಗೆ ಸ್ವಲ್ಪ ಶ್ರಮ ಕೊಡಬೇಕು. ಮಿದುಳು ಈ ಶ್ರಮವನ್ನು ಎರಡೂ ಕಣ್ಣಿಗೆ ಒಂದೇ ಅಳತೆಯಲ್ಲಿ ಕೊಡುತ್ತದೆ. ಎಡಗಣ್ಣಿಗೆ ಒಂದೂವರೆಯಷ್ಟು ಸಾಕು, ಅಷ್ಟಕ್ಕೇ ಚಿತ್ರ ಸ್ಪಷ್ಟ. ಅಲ್ಲಿಗೆ ಮಿದುಳು ನಿಲ್ಲಿಸಿಬಿಡುತ್ತದೆ. ಬಲಗಣ್ಣಿಗೆ ಮಾತ್ರ ದೂರದ್ದೂ ಮಸುಕು, ಹತ್ತಿರದ್ದೂ ಮಸುಕು. ಹುಟ್ಟಿದಾಗಿನಿಂದ ಮಸುಕು ಚಿತ್ರವನ್ನೇ ಕಳಿಸುವ ಕಣ್ಣಿನ ಮಾತನ್ನು ಮಿದುಳು ಕೇಳುವುದನ್ನೇ ಬಿಟ್ಟಿದೆ. ಮೆಳ್ಳೆಗಣ್ಣು ಇಲ್ಲ, ಕಣ್ಣು ಕೆಂಪಾಗಿಲ್ಲ, ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ಮಗುವೂ ಏನೂ ಹೇಳಿಲ್ಲ. ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ? ಶಾಲೆಯ ತಪಾಸಣೆಯಲ್ಲಿ ಸಿಕ್ಕಿತಲ್ಲ, ಅದು ದೊಡ್ಡ ಪುಣ್ಯ.

ಕನ್ನಡಕ ಚಿತ್ರವನ್ನು ಸ್ಪಷ್ಟ ಮಾಡಿಕೊಟ್ಟಿತು. ಕೆಲವು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ನಂಬರ್ ವ್ಯತ್ಯಾಸದಿಂದ ಬಂದ ಸೋಮಾರಿ ಕಣ್ಣಿನ ಬಗ್ಗೆ 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳಿಗೆ ಬರೀ ಕನ್ನಡಕದಿಂದಲೇ ಕಣ್ಣು ಪೂರ್ತಿ ಸರಿಹೋಗಿತ್ತು. ನಿಮ್ಮ ಮಗನ ಕಣ್ಣು ನಿಂತಲ್ಲೇ ನಿಂತಿದೆ. ಹಾಗಾಗಿ ಪಟ್ಟಿ. ಒಳ್ಳೆಯ ಕಣ್ಣನ್ನು ಸ್ವಲ್ಪ ಹೊತ್ತು ಮುಚ್ಚಿದರೆ ಮಿದುಳಿಗೆ ಬೇರೆ ದಾರಿ ಇರುವುದಿಲ್ಲ, ಬಲಗಣ್ಣಿನ ಮಾತು ಕೇಳಲೇಬೇಕು. ಚಿಕ್ಕ ವಯಸ್ಸಿನಲ್ಲಿ ಮಿದುಳಿನ ಈ ಭಾಗ ಇನ್ನೂ ಬದಲಾಗುತ್ತಿರುತ್ತದೆ ಅನ್ನುವುದನ್ನು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳಲ್ಲಿ ತೋರಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಐದೂವರೆ ಒಳ್ಳೆಯ ವಯಸ್ಸು. ತಡವಾಗಿಲ್ಲ, ಆದರೆ ಆಮೇಲೆ ನೋಡೋಣ ಅಂತ ಮುಂದೆ ಹಾಕುವುದೂ ಬೇಡ.

ಈಗ ಎರಡು ಗಂಟೆಯ ಲೆಕ್ಕ. ಅಷ್ಟು ಕಡಿಮೆ ಹೊತ್ತು ಸಾಕಾ ಅಂತ ಕೆಲವರು ಕೇಳುತ್ತಾರೆ, ಅಷ್ಟು ಹೊತ್ತು ಹೇಗೆ ಸಾಧ್ಯ ಅಂತ ಇನ್ನು ಕೆಲವರು. ಅಮೆರಿಕದ ಪೀಡಿಗ್ ಅನ್ನುವ ಸಂಶೋಧನಾ ತಂಡ 2003ರಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು. ನಿಮ್ಮ ಮಗನಂತೆ ಮಧ್ಯಮ ಮಟ್ಟದ ತೊಂದರೆ ಇದ್ದ, ಏಳು ವರ್ಷದೊಳಗಿನ ಮಕ್ಕಳಲ್ಲಿ ಅರ್ಧ ಮಂದಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ, ಉಳಿದವರಿಗೆ ಆರು ಗಂಟೆ. ನಾಲ್ಕು ತಿಂಗಳ ನಂತರ ಎರಡೂ ಗುಂಪಿನ ಮಕ್ಕಳು ಕಣ್ಣಿನ ಚಾರ್ಟಿನಲ್ಲಿ ಸರಾಸರಿ 2.4 ಸಾಲು ಕೆಳಗೆ ಓದುತ್ತಿದ್ದರು. ಅಂದರೆ ನಿಮ್ಮ ಡಾಕ್ಟರ್ ಕೊಟ್ಟಿರುವ ಎರಡು ಗಂಟೆ ಸರಿಯಾದ ಅಳತೆಯೇ. ಆದರೆ ಹೇಳಿದ ಗಂಟೆಯೇ ಬೇರೆ, ನಿಜಕ್ಕೂ ಹಾಕಿದ ಗಂಟೆಯೇ ಬೇರೆ. ಪಟ್ಟಿಯೊಳಗೆ ಸಣ್ಣ ಎಲೆಕ್ಟ್ರಾನಿಕ್ ಮೀಟರ್ ಇಟ್ಟು ಬ್ರಿಟನ್‌ನಲ್ಲಿ ನೋಡಿದಾಗ, ದಿನಕ್ಕೆ ಆರು ಗಂಟೆ ಹೇಳಿದ್ದ ಮಕ್ಕಳು ಹಾಕಿದ್ದು ಸರಾಸರಿ 4.2 ಗಂಟೆ. ಹನ್ನೆರಡು ಗಂಟೆ ಹೇಳಿದವರು ಹಾಕಿದ್ದು 6.2 ಗಂಟೆ. ಅಲ್ಲಿನ ಮಕ್ಕಳೂ ಕಿತ್ತು ಹಾಕುತ್ತಾರೆ. ನಿಮ್ಮ ಮಗ ಹಟಮಾರಿ ಅಂದುಕೊಳ್ಳಬೇಡಿ.

ಬ್ರಿಟನ್ನಿನ ಅದೇ ತಂಡದವರ ಇನ್ನೊಂದು ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬರುತ್ತದೆ. ಚಾರ್ಟಿನಲ್ಲಿ ಒಂದು ಸಾಲು ಕೆಳಗೆ ಇಳಿಯಲು ಪಟ್ಟಿ ಹಾಕಿದ ಸುಮಾರು 120 ಗಂಟೆ ಬೇಕು. ದಿನಾ ಎರಡು ಗಂಟೆ ಅಂದರೆ ಎರಡು ತಿಂಗಳು. ಎಲ್ಲ ಮಕ್ಕಳಿಗೂ ಒಂದೇ ಲೆಕ್ಕ ಅಲ್ಲ, ಕೆಲವರಿಗೆ ಬೇಗ, ಕೆಲವರಿಗೆ ನಿಧಾನ. ಆದರೆ ಮೊದಲ ವಾರದಲ್ಲೇ ಏನೂ ಕಾಣಲಿಲ್ಲ ಅಂತ ಧೈರ್ಯ ಬಿಡದಿರಲು ಈ ಲೆಕ್ಕ ಸಾಕು. ಪ್ರತಿ ಗಂಟೆಗೂ ಬೆಲೆ ಇದೆ. ನಿನ್ನೆ ಅರ್ಧ ಗಂಟೆ ಮಾತ್ರ ಆಯಿತಾ? ಆ ಅರ್ಧ ಗಂಟೆಯೂ ಖಾತೆಗೆ ಸೇರಿತು.

ಇನ್ನು ಅವನು ಯಾಕೆ ಕಿತ್ತು ಹಾಕುತ್ತಾನೆ ಅನ್ನುವುದು. 6/18 ಅಂದರೆ ಬೇರೆಯವರು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವನು 6 ಮೀಟರ್‌ಗೆ ಬಂದರೆ ಮಾತ್ರ ಓದಬಲ್ಲ. ಜೊತೆಗೆ, ಸೋಮಾರಿ ಕಣ್ಣಿಗೆ ಒಂಟಿಯಾಗಿ ಇರುವ ಅಕ್ಷರಕ್ಕಿಂತ ಒತ್ತೊತ್ತಾಗಿ ಇರುವ ಅಕ್ಷರಗಳು ಹೆಚ್ಚು ಕಷ್ಟ, ಒಂದರೊಳಗೊಂದು ಸೇರಿಕೊಂಡ ಹಾಗೆ ಕಾಣುತ್ತದೆ. ಪಟ್ಟಿ ಹಾಕಿದ ಕೂಡಲೇ ಅವನ ಲೋಕ ಮಂಕಾಗುತ್ತದೆ. ಆಗ ಬಣ್ಣ ತುಂಬುವ ಪುಸ್ತಕ ಕೊಟ್ಟು "ಗೆರೆ ದಾಟಬೇಡ" ಅಂದರೆ ಅವನು ಸೋಲುತ್ತಾನೆ. ಸೋತ ಮಗು ಪಟ್ಟಿಯನ್ನು ಕೀಳದೆ ಇನ್ನೇನು ಮಾಡೀತು? ಹೋಮ್‌ವರ್ಕನ್ನೂ ಪಟ್ಟಿಯ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಎರಡೂ ಬೇಡವಾಗುತ್ತವೆ.

ಮೊದಲ ವಾರ ಅವನು ಗೆಲ್ಲುವ ಆಟಗಳೇ ಇರಲಿ. ದೊಡ್ಡ ಬಿಲ್ಡಿಂಗ್ ಬ್ಲಾಕ್ಸ್, ಬಲೂನ್ ಕೆಳಗೆ ಬೀಳದ ಹಾಗೆ ತಟ್ಟುವುದು, ಹಾಲ್‌ನಲ್ಲಿ ಮೆತ್ತನೆ ಚೆಂಡು ಉರುಳಿಸಿ ಖಾಲಿ ಬಾಟಲಿ ಬೀಳಿಸುವುದು. ಬಣ್ಣ ಗಾಢವಾಗಿರಲಿ, ಮನೆಯಲ್ಲಿ ಬೆಳಕು ಚೆನ್ನಾಗಿರಲಿ. ಆಮೇಲೆ ನಿಧಾನವಾಗಿ ಸಣ್ಣ ವಸ್ತುಗಳ ಕಡೆ ಬನ್ನಿ.

ಇಲ್ಲಿ ನಿಮ್ಮ ಅತ್ತೆಯವರನ್ನೇ ಕರೆಯಿರಿ. ಉಡುಪಿ ಕಡೆಯವರಲ್ವಾ, ಚೆನ್ನೆಮಣೆ ಆಡಿಯೇ ಬೆಳೆದಿರುತ್ತಾರೆ. ಸೋಮಾರಿ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಆಟ ಹುಡುಕುವುದು ಕಷ್ಟ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕೆಂಪು ಮಂಜೊಟ್ಟಿ ಬೀಜ. ಗುಳಿಯಲ್ಲಿ ಎಷ್ಟು ಕಾಳಿದೆ ಅಂತ ಕಣ್ಣಲ್ಲೇ ಎಣಿಸಬೇಕು, ಒಂದೊಂದೇ ಎತ್ತಬೇಕು, ಪಕ್ಕದ ಗುಳಿಗೆ ಸರಿಯಾಗಿ ಬಿಡಬೇಕು, ಎಲ್ಲಿ ಖಾಲಿ ಗುಳಿ ಬರುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಬೇಕು. ಕಣ್ಣು ಒಂದು ಕ್ಷಣ ಸುಮ್ನೆ ಕೂರುವ ಹಾಗಿಲ್ಲ. ಮರದ ಮಣೆ ಊರಿನಲ್ಲೇ ಉಳಿದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿ ಹದಿನಾಲ್ಕು ಗುಳಿ ಮಾಡಿ, ಮಂಜೊಟ್ಟಿ ಇಲ್ಲದಿದ್ದರೆ ರಾಜ್ಮಾ ಕಾಳು ಹಾಕಿ. ಚೆನ್ನೆಯನ್ನು ಆಟಿ ತಿಂಗಳಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ ಮಾತ್ರ ಆಡಬೇಕು ಅಂತ ಅತ್ತೆ ಹೇಳಿದರೆ ಅವರ ನಂಬಿಕೆಗೆ ಅಡ್ಡ ಬರಬೇಡಿ. ಉಳಿದ ತಿಂಗಳಿಗೆ ಚೌಕಾಬಾರ, ಲೂಡೋ, ಕೇರಂ ಇದ್ದೇ ಇದೆ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಕಾಳು ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಮೊಮ್ಮಗನ ಜೊತೆ ಕೂತು ಆಡುವ ಅಜ್ಜಿಗೆ ಆ ಪಟ್ಟಿಯ ಮೇಲೆ ಪ್ರೀತಿ ಹುಟ್ಟುತ್ತದೆ. ಅದು ದೊಡ್ಡ ಲಾಭ. ಅಮ್ಮ ಹಾಕಿದ ಪಟ್ಟಿಯನ್ನು "ಅಯ್ಯೋ ಪಾಪ" ಅಂತ ಅಜ್ಜಿ ತೆಗೆಯುವ ಮನೆಗಳಲ್ಲಿ ಚಿಕಿತ್ಸೆ ಮುಂದೆ ಸಾಗುವುದೇ ಇಲ್ಲ.

ಪಟ್ಟಿ ಹಾಕಿದಾಗ ಹತ್ತಿರದ ಕೆಲಸವನ್ನೇ ಮಾಡಬೇಕು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. 2008ರಲ್ಲಿ ಪೀಡಿಗ್ ತಂಡ ಇದನ್ನೂ ಹೋಲಿಸಿ ನೋಡಿತು. ಪಟ್ಟಿ ಹಾಕಿ ಹತ್ತಿರದ ಆಟ ಆಡಿದ ಮಕ್ಕಳಿಗೂ ದೂರದ್ದನ್ನು ನೋಡಿ ಆಡಿದ ಮಕ್ಕಳಿಗೂ ಫಲಿತಾಂಶ ಒಂದೇ. ಮುಂಬೈಯ ಒಂದು ಕೋಣೆ, ಅಡುಗೆಮನೆಯ ಫ್ಲಾಟಿನಲ್ಲಿ ಇರುವವರಿಗೆ ಇದು ಒಳ್ಳೆಯ ಸುದ್ದಿ. ಗ್ಯಾಲರಿಯೂ ಆಟದ ಜಾಗವಾಗುತ್ತದೆ. ಒಂದನೆಯ ಅಥವಾ ಎರಡನೆಯ ಮಾಳಿಗೆಯಲ್ಲಿದ್ದರೆ ಕೆಳಗೆ ನಿಂತ ಗಾಡಿಗಳ ನಂಬರ್ ಓದಿಸಿ. ಎಮ್‌ಎಚ್ 05 ಎಲ್ಲ ಕಡೆಯೂ ಸಿಗುತ್ತದೆ, ಒಂದು ಪಾಯಿಂಟ್. ಥಾಣೆಯ 04ಕ್ಕೆ ಎರಡು. ಕೆಎ 20 ಕಂಡರೆ ಹತ್ತು, ಉಡುಪಿ ಗಾಡಿ ಅಲ್ವಾ! ಇದರಲ್ಲಿ ನನಗೆ ಇಷ್ಟವಾಗುವ ವಿಷಯ, ಸುಧಾರಣೆ ಮಗುವಿಗೇ ಕಾಣುತ್ತದೆ. ಮೊದಲು ಗೇಟಿನ ಒಳಗಿನ ಸ್ಕೂಟರ್ ಮಾತ್ರ ಓದುತ್ತಿದ್ದವನು ಕೆಲವು ತಿಂಗಳಾದ ಮೇಲೆ ರಸ್ತೆಯ ಆಚೆ ನಿಂತ ಕಾರಿನ ನಂಬರ್ ಹೇಳುತ್ತಾನೆ. ಸ್ಟೇಷನ್ನಿನಲ್ಲಿ ರಶ್ ಇಲ್ಲದ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತು ಇಂಡಿಕೇಟರ್ ಓದಿಸಬಹುದು. ಮುಂದಿನ ಲೋಕಲ್ ಸ್ಲೋ ಅಥವಾ ಫಾಸ್ಟ್, ಎಷ್ಟು ನಿಮಿಷಕ್ಕೆ ಅಂತ ಅವನೇ ಹೇಳಲಿ. ಮನೆಗೆ ಕನ್ನಡ ಪೇಪರ್ ಬರುತ್ತಿದ್ದರೆ ಹೆಡ್‌ಲೈನ್‌ಗಳಲ್ಲಿ "ಕ" ಎಲ್ಲಿದೆ ಹುಡುಕಿ ಸುತ್ತ ಗೆರೆ ಎಳೆಯುವ ಆಟ ಆಡಿಸಿ. ಮೊದಲು ದೊಡ್ಡ ಹೆಡ್‌ಲೈನ್, ತಿಂಗಳಾದ ಮೇಲೆ ಸಣ್ಣದು. ಇಂಗ್ಲಿಷ್ ಮೀಡಿಯಂನಲ್ಲಿ ಓದುವ ಮಗುವಿಗೆ ನಮ್ಮ ಅಕ್ಷರವೂ ಬರುತ್ತದೆ.

ಒಂದು ಎಚ್ಚರಿಕೆ. ಒಂದೇ ಕಣ್ಣು, ಅದೂ ದುರ್ಬಲ ಕಣ್ಣು ತೆರೆದಿರುವಾಗ ಆಳ, ಅಂತರ ಗೊತ್ತಾಗುವುದಿಲ್ಲ. ಮೆಟ್ಟಿಲು, ರಸ್ತೆ, ಪ್ಲಾಟ್‌ಫಾರ್ಮ್‌ನಲ್ಲಿ ಕೈ ಬಿಡಬೇಡಿ. ಸೈಕಲ್, ಈಜು, ಗಟ್ಟಿ ಚೆಂಡಿನ ಕ್ರಿಕೆಟ್ ಪಟ್ಟಿಯ ಹೊತ್ತಿಗೆ ಬೇಡ. ಗ್ಯಾಲರಿಗೆ ಗ್ರಿಲ್ ಇರಲೇಬೇಕು.

ಆಟಗಳಿಗೆ ಒಂದು ಡಬ್ಬಿ ಮಾಡಿ. ಪಟ್ಟಿ ಕಣ್ಣಿಗೆ ಏರಿದಾಗ ಡಬ್ಬಿ ತೆರೆಯುತ್ತದೆ, ಪಟ್ಟಿ ಇಳಿದರೆ ಡಬ್ಬಿ ಮುಚ್ಚುತ್ತದೆ. ಇದಿಷ್ಟೇ ನಿಯಮ. ಬೈಯುವುದು, ಹೆದರಿಸುವುದು, "ಪಟ್ಟಿ ಹಾಕದಿದ್ದರೆ ಕುರುಡನಾಗ್ತೀಯ" ಅನ್ನುವುದು ಯಾವುದೂ ಬೇಡ. ಆ ಡಬ್ಬಿಯ ಆಟಿಕೆ ಬೇರೆ ಹೊತ್ತಿನಲ್ಲಿ ಸಿಗಬಾರದು, ಅದು ಮುಖ್ಯ. ಎರಡು ವಾರಕ್ಕೊಮ್ಮೆ ಒಳಗಿನದ್ದನ್ನು ಅದಲುಬದಲು ಮಾಡಿ. ಎಷ್ಟೇ ಒಳ್ಳೆಯ ಆಟವಾದರೂ ಮಕ್ಕಳಿಗೆ ಬೇಜಾರು ಬರುತ್ತದೆ. ಹೊಸದು ಕೊಳ್ಳಬೇಕಾಗಿಲ್ಲ, ಪಕ್ಕದ ಮನೆಯವರ ಜೊತೆ ಪಜಲ್ ಬದಲಾಯಿಸಿಕೊಂಡರೂ ಆಯಿತು. ಡಾಕ್ಟರ್ ಬೇಡ ಅಂದಿಲ್ಲದಿದ್ದರೆ ಎರಡು ಗಂಟೆಯನ್ನು ಒಂದೊಂದು ಗಂಟೆಯಾಗಿ ಒಡೆದುಕೊಳ್ಳಿ. ಬೆಳಗಿನ ಶಿಫ್ಟಿನ ಶಾಲೆಯಾದರೆ ಊಟ, ನಿದ್ದೆ ಮುಗಿದ ಮೇಲೆ ನಾಲ್ಕು ಗಂಟೆಗೆ ಶುರು ಮಾಡುವುದು ಒಳ್ಳೆಯದು. ಹಸಿವು, ನಿದ್ದೆಯ ಹೊತ್ತಿನಲ್ಲಿ ಪಟ್ಟಿ ಹಾಕಿದರೆ ಜಗಳ ಗ್ಯಾರಂಟಿ.

ಮೊಬೈಲ್ ಪೂರ್ತಿ ಬೇಡ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಅಡುಗೆ, ಕೆಲಸ ಇರುತ್ತದೆ, ಎಲ್ಲ ದಿನ ಎರಡು ಗಂಟೆ ಜೊತೆಗೆ ಕೂರಲು ಯಾರಿಗೂ ಆಗುವುದಿಲ್ಲ. ಕೊನೆಯ ಅರ್ಧ ಗಂಟೆಗೆ ಅದನ್ನು ಇಟ್ಟುಕೊಳ್ಳಿ. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ, ಅದಕ್ಕೆ ಮೇಲ್ಪಟ್ಟು ಹತ್ತು ವರ್ಷದವರೆಗೆ ಎರಡು ಗಂಟೆಯೊಳಗೆ ಸ್ಕ್ರೀನ್ ಅಂತ ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘದ ಸಲಹೆ ಇದೆ. ಆ ಮಿತಿಯೊಳಗೇ ಈ ಅರ್ಧ ಗಂಟೆಯೂ ಸೇರಲಿ. ಏನು ಹಾಕಿ ಕೊಡುತ್ತೀರಿ ಅನ್ನುವುದನ್ನೂ ನೋಡಿ. ರೈಮ್ಸ್ ಹಾಕಿ ಕೊಟ್ಟರೆ ಮಗು ಕಿವಿಯಲ್ಲೇ ಕೇಳುತ್ತಾ ಮಲಗಿರುತ್ತದೆ, ಕಣ್ಣಿಗೆ ಕೆಲಸವೇ ಇಲ್ಲ. ವಸ್ತು ಹುಡುಕುವುದು, ಎರಡು ಚಿತ್ರದ ವ್ಯತ್ಯಾಸ ಕಂಡುಹಿಡಿಯುವುದು, ಚುಕ್ಕಿ ಸೇರಿಸುವುದು, ಇಂಥ ಗೇಮ್ ಆಗಬಹುದು. ಸಣ್ಣ ಮೊಬೈಲ್‌ಗಿಂತ ಟ್ಯಾಬ್ ಉತ್ತಮ.

ಗೇಮ್ ಆಡುವಾಗ ಒಂದು ಸಲ ಮುಂದೆ ಕೂತು ಅವನ ಮುಖ ನೋಡಿ. ಕನ್ನಡಕದ ಗಾಜಿಗೆ ಹಾಕುವ ಬಟ್ಟೆಯ ಪಟ್ಟಿಯಾದರೆ ಮೂಗಿನ ಪಕ್ಕದಲ್ಲಿ ಸಣ್ಣ ಸಂದು ಇರುತ್ತದೆ. ಮಗು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಗಲ್ಲ ಎತ್ತಿ, ಆ ಸಂದಿನಿಂದ ಒಳ್ಳೆಯ ಕಣ್ಣಲ್ಲೇ ಇಣುಕುತ್ತದೆ. ಕನ್ನಡಕ ಮೂಗಿನ ಮೇಲೆ ಜಾರಿದ್ದರೆ ಇನ್ನೂ ಸುಲಭ. ಎರಡು ಗಂಟೆ ಪಟ್ಟಿ ಹಾಕಿದ್ದೂ ಸುಳ್ಳಲ್ಲ, ಬಲಗಣ್ಣು ಕೆಲಸ ಮಾಡಿದ್ದೂ ನಿಜವಲ್ಲ. ತುಂಟತನ ಅಂತ ಬೈಯಬೇಡಿ, ಕಾಣುವ ಕಡೆಯಿಂದ ನೋಡುವುದು ಸಹಜ. ಚರ್ಮಕ್ಕೆ ಅಂಟುವ ಪಟ್ಟಿ ಹಾಕಿ, ಅದರ ಮೇಲೆ ಕನ್ನಡಕ ಹಾಕಿದರೆ ಈ ತೊಂದರೆ ಇಲ್ಲ. ಕನ್ನಡಕ ಮರೆತು ಬರೀ ಪಟ್ಟಿ ಹಾಕಿದರೆ ಬಲಗಣ್ಣಿಗೆ ಮತ್ತೆ ಅದೇ ಮಸುಕು ಚಿತ್ರ, ಆ ಗಂಟೆ ಹಾಳು.

ಅಂಟುವ ಪಟ್ಟಿಗೆ ನಮ್ಮ ಮುಂಬೈ ಸೆಖೆಯೇ ಶತ್ರು. ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ ಬೆವರಿಗೆ ಅದು ಏಳುತ್ತದೆ, ಚರ್ಮ ಕೆಂಪಾಗಿ ತುರಿಕೆ ಬರುತ್ತದೆ. ಮುಖ ತೊಳೆದು, ಪೂರ್ತಿ ಒರೆಸಿ, ಕ್ರೀಮ್ ಏನೂ ಹಚ್ಚದೆ ಫ್ಯಾನಿನ ಕೆಳಗೆ ಅಂಟಿಸಿ. ತೆಗೆಯುವಾಗ ಸರಕ್ಕನೆ ಎಳೆಯಬೇಡಿ. ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಒಂದು ನಿಮಿಷ ಬಿಟ್ಟರೆ ತಾನೇ ಸಡಿಲವಾಗುತ್ತದೆ. ಎಣ್ಣೆ ಕಣ್ಣಿಗೆ ಹೋಗದಿರಲಿ. ಕಿತ್ತಾಗ ನೋಯುತ್ತದೆ ಅಂತ ಹೆದರಿ ಮರುದಿನ ಪಟ್ಟಿಯನ್ನೇ ಬೇಡ ಅನ್ನುವ ಮಕ್ಕಳಿದ್ದಾರೆ. ಚರ್ಮ ಸುಲಿದಿದ್ದರೆ ವಾಸಿಯಾಗುವ ತನಕ ಬಟ್ಟೆಯದ್ದು ಹಾಕಿ, ಡಾಕ್ಟರಿಗೆ ಹೇಳಿ.

ಇನ್ನು ಆ ಜಾಹೀರಾತಿನ ಗೇಮ್. ಇದರ ಹಿಂದಿನ ಆಲೋಚನೆ ನಿಜಕ್ಕೂ ಒಳ್ಳೆಯದು. ಮಗು ಎರಡೂ ಕಣ್ಣು ತೆರೆದೇ ಆಡುತ್ತದೆ. ಕೆಂಪು-ನೀಲಿ ಗಾಜಿನ ಕನ್ನಡಕದ ಮೂಲಕ ದುರ್ಬಲ ಕಣ್ಣಿಗೆ ಗಾಢವಾದ ಚಿತ್ರ, ಒಳ್ಳೆಯ ಕಣ್ಣಿಗೆ ತೆಳುವಾದ ಚಿತ್ರ ಹೋಗುತ್ತದೆ. ಆಟದ ಕೆಲವು ಭಾಗ ಒಂದು ಕಣ್ಣಿಗೆ, ಕೆಲವು ಭಾಗ ಇನ್ನೊಂದಕ್ಕೆ ಮಾತ್ರ ಕಾಣುವುದರಿಂದ ಎರಡೂ ಸೇರಿ ಕೆಲಸ ಮಾಡಿದರೆ ಮಾತ್ರ ಗೆಲ್ಲಬಹುದು. ಇದನ್ನು ಕೇಳಿದಾಗ ನಮ್ಮಂಥವರಿಗೆಲ್ಲ ತುಂಬಾ ಆಸೆ ಹುಟ್ಟಿತ್ತು. 2016ರಲ್ಲಿ 28 ಮಕ್ಕಳ ಒಂದು ಸಣ್ಣ ಅಧ್ಯಯನದಲ್ಲಿ ಡಿಗ್ ರಶ್ ಅನ್ನುವ ಗೇಮ್ ಎರಡು ವಾರದಲ್ಲಿ ಪಟ್ಟಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಆದರೆ ದೊಡ್ಡ ಪರೀಕ್ಷೆಗಳಲ್ಲಿ ಕಥೆ ಬೇರೆಯಾಯಿತು. ಅದೇ ವರ್ಷ 385 ಮಕ್ಕಳಲ್ಲಿ, ಮೇಲಿನಿಂದ ಬ್ಲಾಕ್ ಬೀಳುವ ಗೇಮ್ ಅನ್ನು ದಿನಕ್ಕೆ ಒಂದು ಗಂಟೆ ಆಡಿಸಿ ಎರಡು ಗಂಟೆಯ ಪಟ್ಟಿಯ ಜೊತೆ ಹೋಲಿಸಿದರು. 16 ವಾರಕ್ಕೆ ಗೇಮ್ ಗುಂಪು ಚಾರ್ಟಿನಲ್ಲಿ ಸರಾಸರಿ 1.05 ಸಾಲು, ಪಟ್ಟಿಯ ಗುಂಪು 1.35 ಸಾಲು ಮುಂದೆ ಬಂತು. 2019ರಲ್ಲಿ 7ರಿಂದ 12 ವರ್ಷದವರಿಗೆ ಡಿಗ್ ರಶ್ ಆಡಿಸಿದಾಗ ಬರೀ ಕನ್ನಡಕ ಹಾಕಿದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಆ 385 ಮಕ್ಕಳ ಅಧ್ಯಯನದಲ್ಲಿ ಇನ್ನೊಂದು ಅಂಶ ಇದೆ. ಗೇಮ್ ಕೊಟ್ಟ ಮಕ್ಕಳಲ್ಲಿ ಹೇಳಿದ ಹೊತ್ತಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಆಡಿದವರು ನೂರಕ್ಕೆ 22 ಮಂದಿ ಮಾತ್ರ. ಗೇಮ್ ಕೊಟ್ಟರೆ ಮಕ್ಕಳು ಬಿಡದೆ ಆಡುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ದಿನಾ ಒಂದೇ ಗೇಮ್, ಅದೂ ಆಡಲೇಬೇಕು ಅಂದಾಗ ಅದು ಮಗುವಿಗೆ ಇನ್ನೊಂದು ಹೋಮ್‌ವರ್ಕ್ ಆಯಿತು. ಡಬ್ಬಿಯ ಆಟಗಳನ್ನು ಬದಲಾಯಿಸುತ್ತಿರಿ, ಜೊತೆಗೆ ಒಬ್ಬರು ಕೂರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗಂತ ಈ ದಾರಿ ಮುಚ್ಚಿಲ್ಲ. ಗೇಮ್ ಬದಲು ಮಗುವಿಗೆ ಇಷ್ಟವಾದ ವಿಡಿಯೋವನ್ನೇ ಎರಡು ಕಣ್ಣಿಗೆ ಬೇರೆ ಬೇರೆಯಾಗಿ ತೋರಿಸುವ ಸಾಧನಗಳು ಬಂದಿವೆ. ಲ್ಯೂಮಿನೋಪಿಯಾ ಅನ್ನುವ ಹೆಡ್‌ಸೆಟ್‌ಗೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 4ರಿಂದ 7 ವರ್ಷದ ಮಕ್ಕಳಿಗೆ ಅನುಮತಿ ಕೊಟ್ಟಿತು. ಅದರ ಅಧ್ಯಯನದಲ್ಲಿ 12 ವಾರಕ್ಕೆ 1.8 ಸಾಲು ಸುಧಾರಣೆ, ಬರೀ ಕನ್ನಡಕದ ಗುಂಪಿಗೆ 0.8. ಕ್ಯೂರ್‌ಸೈಟ್ ಅನ್ನುವ ಇನ್ನೊಂದು ಸಾಧನ ಎರಡು ಗಂಟೆಯ ಪಟ್ಟಿಗೆ ಸಮನಾಗಿ ನಿಂತಿದೆ. ಇವು ಡಾಕ್ಟರ್ ಬರೆದುಕೊಟ್ಟು, ಅವರ ಕಣ್ಗಾವಲಿನಲ್ಲಿ ಬಳಸುವ ಸಾಧನಗಳು. ಆನ್‌ಲೈನ್‌ನಲ್ಲಿ ಸಿಗುವ ಕೆಂಪು-ನೀಲಿ ಕನ್ನಡಕ, ಯಾರೋ ಮಾಡಿದ ಆ್ಯಪ್ ಇವುಗಳಿಗೆ ಸಮ ಅಲ್ಲ. ಕ್ಲಿನಿಕ್‌ನವರು ಇಂಥದ್ದನ್ನು ಕೊಟ್ಟರೆ ನೇರವಾಗಿ ಕೇಳಿ: ಇದು ಪಟ್ಟಿಯ ಜೊತೆಗಾ, ಪಟ್ಟಿಯ ಬದಲಾ? ಯಾವ ವಯಸ್ಸಿನ ಮಕ್ಕಳಲ್ಲಿ ಪರೀಕ್ಷೆ ಆಗಿದೆ? ಎಷ್ಟು ವಾರಕ್ಕೆ ಕಣ್ಣು ಪರೀಕ್ಷೆ ಮಾಡುತ್ತೀರಿ? ಉತ್ತರ ತಡವರಿಸಿದರೆ ದುಡ್ಡು ಕೈಯಲ್ಲೇ ಇರಲಿ. ಸಾಲ ಮಾಡಿ ಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.

ಬಿಲ್ಡಿಂಗಿನ ಮಕ್ಕಳು ನಗುತ್ತಾರೆ ಅಂದಿರಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಂಕಟವಾದದ್ದು ಅದನ್ನು ಓದಿ. ಅವನಿಗೆ ತನ್ನ ಪಟ್ಟಿ ಯಾಕೆ ಅಂತ ಗೊತ್ತಿದೆಯಾ? ಬಹಳ ಮನೆಗಳಲ್ಲಿ ಡಾಕ್ಟರ್ ಅಪ್ಪ ಅಮ್ಮನಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಳುತ್ತಾರೆ, ಅಪ್ಪ ಅಮ್ಮ ಅಜ್ಜಿಗೆ ಹೇಳುತ್ತಾರೆ, ಮಗುವಿಗೆ ಯಾರೂ ಹೇಳುವುದಿಲ್ಲ. ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಹೊರಗಿನಿಂದ ಬಂದ, ಡಚ್ ಸರಿಯಾಗಿ ಬಾರದ ಕುಟುಂಬಗಳಲ್ಲಿ ಪಟ್ಟಿ ಹಾಕುವುದು ತೀರಾ ಕಡಿಮೆ ಇತ್ತು. ಅಲ್ಲಿನವರು ಮಾತೇ ಇಲ್ಲದ ಒಂದು ಚಿತ್ರಕಥೆ ಮಾಡಿ ಮಕ್ಕಳ ಕೈಗೆ ಕೊಟ್ಟರು. ಆಮೇಲೆ ಆ ಚಿತ್ರಕಥೆ, ಸ್ಟಿಕರ್ ಅಂಟಿಸುವ ಕ್ಯಾಲೆಂಡರ್, ಪೋಷಕರಿಗೆ ಮಾಹಿತಿ ಪತ್ರ ಈ ಮೂರನ್ನೂ ಹೋಲಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಮಗುವಿಗೆ ಕೊಟ್ಟ ಚಿತ್ರಕಥೆ. ನೀವೂ ಮಾಡಬಹುದು. ಅವನ ಜೊತೆ ಕೂತು ನಾಲ್ಕು ಚಿತ್ರ ಬರೆಯಿರಿ: ಎರಡು ಕಣ್ಣು, ಒಂದು ಯಾವಾಗಲೂ ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ, ಮುಂದಿನದು ಸ್ವಲ್ಪ ಹೊತ್ತು ಕೂರುತ್ತದೆ, ಹಿಂದಿನದು ಬಂದು ಸೇರುತ್ತದೆ. ಮನೆಮಾತಿನಲ್ಲೇ ಕಥೆ ಹೇಳಿ. ಆಮೇಲೆ ಗೆಳೆಯರಲ್ಲಿ ಇಬ್ಬರನ್ನು ಪಟ್ಟಿಯ ಹೊತ್ತಿಗೇ ಆಡಲು ಮನೆಗೆ ಕರೆಯಿರಿ. ಅವರಿಗೆ ಕಥೆ ಇವನೇ ಹೇಳಲಿ. ಪಟ್ಟಿಯ ಹೊರಮೈ ಮೇಲೆ ಅವನಿಗೆ ಬೇಕಾದ ಚಿತ್ರ ಅವನೇ ಬರೆಯಲಿ, ಗೆಳೆಯರೂ ಬರೆಯಲಿ. ಡಬ್ಬಿಯ ಆಟಕ್ಕೆ ಪಟ್ಟಿ ಬೇಕು ಅಂತ ಗೊತ್ತಾದ ಮಕ್ಕಳು ತಮಗೂ ಒಂದು ಹಾಕಿ ಅನ್ನಬಹುದು, ಅದು ಮಾತ್ರ ಬೇಡ. ಅವರಿಗೆ ಕಾಗದದ್ದು ಮಾಡಿ ಗೊಂಬೆಗೆ ಕಟ್ಟಲು ಕೊಡಿ.

ಇಷ್ಟೆಲ್ಲ ಮಾಡಿಯೂ ಒಂದೆರಡು ತಿಂಗಳು ಜಗಳವೇ ಆದರೆ ಡಾಕ್ಟರ್ ಹತ್ತಿರ ಅಟ್ರೋಪಿನ್ ಡ್ರಾಪ್ಸ್ ಬಗ್ಗೆ ಕೇಳಿ. ಒಳ್ಳೆಯ ಕಣ್ಣಿಗೆ ಹಾಕಿದರೆ ಅದು ಹತ್ತಿರದ್ದನ್ನು ಮಸುಕು ಮಾಡುತ್ತದೆ, ಮಗು ತಾನಾಗಿಯೇ ಇನ್ನೊಂದು ಕಣ್ಣು ಬಳಸುತ್ತದೆ. ಮಧ್ಯಮ ಮಟ್ಟದ ಸೋಮಾರಿ ಕಣ್ಣಿನಲ್ಲಿ ಆರು ತಿಂಗಳಿಗೆ ಪಟ್ಟಿಗೂ ಇದಕ್ಕೂ ಫಲಿತಾಂಶ ಹತ್ತಿರ ಹತ್ತಿರ ಒಂದೇ ಅಂತ 2002ರಲ್ಲಿ, ಶನಿವಾರ ಭಾನುವಾರ ಮಾತ್ರ ಹಾಕಿದರೂ ದಿನಾ ಹಾಕಿದಷ್ಟೇ ಕೆಲಸ ಮಾಡುತ್ತದೆ ಅಂತ 2004ರಲ್ಲಿ ತೋರಿಸಿದ್ದಾರೆ. ಬಿಸಿಲಿಗೆ ಕಣ್ಣು ಚುಚ್ಚುತ್ತದೆ, ಟೋಪಿ ಬೇಕು. ಬಾಟಲಿ ಮಕ್ಕಳ ಕೈಗೆ ಸಿಗಲೇಬಾರದು, ಬಾಯಿಗೆ ಹೋದರೆ ಅಪಾಯ. ಡಾಕ್ಟರ್ ಹೇಳದೆ ಅಂಗಡಿಯಿಂದ ತಂದು ಹಾಕಬೇಡಿ. ಖರ್ಚಿನ ಚಿಂತೆ ಇದ್ದರೆ ಸಯನ್, ಕೆಇಎಮ್, ಜೆಜೆಯಂಥ ಸರ್ಕಾರಿ, ಪಾಲಿಕೆ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ. ಡೊಂಬಿವ್ಲಿಯಿಂದ ಸಯನ್‌ಗೆ ಒಂದೇ ಲೋಕಲ್ ಸಾಕು.

ಕೊನೆಗೆ, ಕಣ್ಣು ಸರಿಹೋದ ಮೇಲಿನ ವಿಷಯ. ಚೆನ್ನಾಗಿ ಕಾಣುತ್ತಿದೆ ಅಂತ ಡಾಕ್ಟರ್ ಅಂದ ದಿನವೇ ಪಟ್ಟಿ, ಡಬ್ಬಿ ಎರಡನ್ನೂ ಅಟ್ಟಕ್ಕೆ ಎಸೆಯಬೇಡಿ. ಚಿಕಿತ್ಸೆ ನಿಲ್ಲಿಸಿದ ಮೊದಲ ವರ್ಷದೊಳಗೆ ಸುಮಾರು ನಾಲ್ಕರಲ್ಲಿ ಒಂದು ಮಗುವಿನ ಕಣ್ಣು ಸ್ವಲ್ಪ ಹಿಂದೆ ಜಾರುತ್ತದೆ. ದಿನಕ್ಕೆ ಆರೆಂಟು ಗಂಟೆ ಹಾಕಿಸಿ ಒಮ್ಮೆಲೇ ನಿಲ್ಲಿಸಿದವರಲ್ಲಿ ಇದು ಜಾಸ್ತಿ, ಎರಡು ಗಂಟೆಗೆ ಇಳಿಸಿ ಆಮೇಲೆ ಬಿಟ್ಟವರಲ್ಲಿ ಕಡಿಮೆ. ನಿಮ್ಮದು ಎರಡೇ ಗಂಟೆಯಾದ್ದರಿಂದ ಹೇಗೆ ನಿಲ್ಲಿಸಬೇಕು ಅನ್ನುವುದನ್ನು ಅವರನ್ನೇ ಕೇಳಿ. ಕನ್ನಡಕ ಮಾತ್ರ ಮುಂದುವರಿಯಬೇಕು. ಮುಂದಿನ ಸಲ ಹೋಗುವಾಗ ಗೋಡೆಯ ಕ್ಯಾಲೆಂಡರ್ ಇಳಿಸಿ ಜೊತೆಗೆ ಒಯ್ಯಿರಿ, ದಿನಾ ನಿಜಕ್ಕೂ ಎಷ್ಟು ಹೊತ್ತು ಪಟ್ಟಿ ಹಾಕಿದ ಅಂತ ಅದರಲ್ಲಿ ಬರೆದಿರಲಿ. ಹತ್ತು ನಿಮಿಷವಾದರೆ ಹತ್ತು ನಿಮಿಷ ಅಂತಲೇ ಬರೆಯಿರಿ. ಕಣ್ಣು ಸುಧಾರಿಸದಿದ್ದರೆ ಪಟ್ಟಿಯ ಹೊತ್ತು ಸಾಕಾಗಲಿಲ್ಲವಾ, ಇಲ್ಲ ನಂಬರ್ ಬದಲಾಗಿದೆಯಾ ಅನ್ನುವುದು ಡಾಕ್ಟರಿಗೆ ಆ ಲೆಕ್ಕ ನೋಡಿದರೆ ಮಾತ್ರ ಗೊತ್ತಾಗುತ್ತದೆ.